ಮೋಡೆಮ್ ನಿಂತಾಗ ಮೊದಲು ಮಾಡಬೇಕಾದುದು

ಚಿತ್ರದುರ್ಗ, ಹಿರಿಯೂರಿನ ಕಡೆ ಶೇಂಗಾ ಬೆಳೆ ವಿಮೆಯ ಕೊನೆಯ ದಿನವೋ, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅಡಿಕೆ ಧಾರಣೆ ನೋಡುವ ಹೊತ್ತಿನಲ್ಲೋ ಮನೆಯ ಇಂಟರ್‌ನೆಟ್ ನಿಂತುಬಿಡುವುದುಂಟು. ಆಗ ರೈತ ಬಾಂಧವರು ಆತುರಪಟ್ಟು ಮೋಡೆಮ್ಮಿನ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಬಾರದು. ಅದರೊಳಗಿರುವುದು ರೀಸೆಟ್ ಗುಂಡಿ. ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಸಂಪರ್ಕ ಕೊಟ್ಟವರು ತುಂಬಿದ್ದ ಯೂಸರ್‌ನೇಮ್, ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ. ಹಲವು ಸಂಪರ್ಕಗಳಲ್ಲಿ ಇವನ್ನು ಮತ್ತೆ ತುಂಬುವವರೆಗೆ ಇಂಟರ್‌ನೆಟ್ ಬರುವುದಿಲ್ಲ.

ಮೊದಲು ದೀಪಗಳನ್ನು ಗಮನಿಸಬೇಕು. ಫೈಬರ್ ಸಂಪರ್ಕದಲ್ಲಿ ‘ಎಲ್‌ಓಎಸ್’ ದೀಪ ಕೆಂಪಗೆ ಮಿನುಗಿದರೆ ಬೆಳಕಿನ ಸಂಕೇತವೇ ತಲುಪುತ್ತಿಲ್ಲವೆಂದು ಅರ್ಥ. ರಸ್ತೆ ಬದಿ ಜೆಸಿಬಿ ಅಗೆದಾಗ, ಕಂಬದ ತಂತಿಯ ಮೇಲೆ ತೆಂಗಿನ ಗರಿ ಬಿದ್ದಾಗ ಹೀಗಾಗಬಹುದು. ಮೋಡೆಮ್ಮಿಗೆ ಬರುವ ಸಣ್ಣ ತಂತಿಯೊಳಗೆ ಇರುವುದು ಗಾಜಿನ ಎಳೆ. ಅದನ್ನು ಮಡಚಿದರೂ ಇದೇ ಗತಿ. ತಂತಿ ತುಂಡಾಗಿದ್ದರೆ ಯಾವ ಗುಂಡಿ ಒತ್ತಿಯೂ ಫಲವಿಲ್ಲ, ದೂರು ಕೊಡಬೇಕು.

ಕೆಂಪು ದೀಪವಿಲ್ಲದಿದ್ದರೆ ಕರೆಂಟಿನ ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ, ಮೂರು ನಾಲ್ಕು ನಿಮಿಷ ಕಾಯತಕ್ಕದ್ದು. ಬಹಳಷ್ಟು ಸಲ ಇಷ್ಟೇ ಸಾಕು. ಇದರಿಂದ ಏನೂ ಅಳಿಸುವುದಿಲ್ಲ.

ರೀಸೆಟ್ ಅನಿವಾರ್ಯವಾದರೆ ಯೂಸರ್‌ನೇಮ್, ಪಾಸ್‌ವರ್ಡ್‌ಗಳು ಕೈಯಲ್ಲಿರಬೇಕು. ಅವನ್ನು ಸಂಪರ್ಕ ಪಡೆದ ದಿನವೇ ಕೇಳಿ, ಪಹಣಿ ಇಡುವ ಕಡತದಲ್ಲಿ ಬರೆದಿಡುವುದು ಸೂಕ್ತ. ರೀಸೆಟ್ ನಂತರದ ವೈ-ಫೈ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಮೋಡೆಮ್ಮಿನ ಅಡಿಯ ಚೀಟಿಯಲ್ಲಿರುತ್ತವೆ. ವಿಮೆಯ ಗಡುವು ಅಂದೇ ಇದ್ದರೆ ಮೋಡೆಮ್ಮಿನ ಮುಂದೆ ಕೂರದೆ ಮೊಬೈಲ್ ಹಾಟ್‌ಸ್ಪಾಟ್ ಬಳಸಬಹುದು, ಇಲ್ಲವೇ ಗ್ರಾಮ ಒನ್ ಕೇಂದ್ರಕ್ಕೆ ಹೋಗಬಹುದು.