ಅರಿವಿನ ಸಿರಿ: ಆಯ್ದಕ್ಕಿ ದಂಪತಿಗಳ ಸಂಪಾದನೆ

ಹೊಟ್ಟೆಪಾಡಿಗಾಗಿ ಪರಪ್ರಾಂತಕ್ಕೆ ಹೋದವನು ಊರಿಗೆ ಹಿಂದಿರುಗಿದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಸಂಪಾದನೆ ಹೇಗಿದೆ?’ ಎಂಬುದೂ ಒಂದು. ವ್ಯವಹಾರದ ಕನ್ನಡದಲ್ಲಿ ಸಂಪಾದನೆಯೆಂದರೆ ಹಣದ ಗಳಿಕೆ. ಬೇರೆ ಅರ್ಥವನ್ನು ಕೇಳಿದವರೂ ನಿರೀಕ್ಷಿಸುವುದಿಲ್ಲ. ಆದರೆ ಇದೇ ಪದವನ್ನು ಹೆಸರಿನಲ್ಲಿಟ್ಟುಕೊಂಡ ಮಹಾಗ್ರಂಥವೊಂದು ಕನ್ನಡದಲ್ಲಿದೆ. ಅದು ಗಳಿಸಲು ಹೇಳುವುದು ಹೊನ್ನನ್ನಲ್ಲ, ಶೂನ್ಯವನ್ನು. ಗಳಿಕೆ ಮತ್ತು ಶೂನ್ಯ ಎಂಬ ಎರಡು ಪದಗಳನ್ನು ಒಂದೇ ಸಮಾಸದಲ್ಲಿ ಕಟ್ಟಿದವರು ವಿನೋದಕ್ಕಾಗಿ ಹಾಗೆ ಮಾಡಿದವರಲ್ಲ. ಬಾಳಿನಲ್ಲಿ ಮನುಷ್ಯನಿಗೆ ಭರವಸೆಯೂ ಸಮೃದ್ಧಿಯೂ ಎಲ್ಲಿಂದ ಒದಗುತ್ತವೆ ಎಂಬ ಪ್ರಶ್ನೆಗೆ ಶರಣರು ಕಂಡ ಉತ್ತರವು ಆ ಹೆಸರಿನಲ್ಲಿ ಅಡಗಿದೆ. ಆ ಉತ್ತರವನ್ನು ತತ್ತ್ವದ ಪರಿಭಾಷೆಯಲ್ಲಿ ವಿವರಿಸಿದವರು ಹಲವರು. ಗ್ರಂಥದೊಳಗಿನ ಬಡ ದಂಪತಿಗಳೊಬ್ಬರ ಪ್ರಸಂಗದಲ್ಲಿ ಅದು ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ.

ಶೂನ್ಯಸಂಪಾದನೆಯು ೧೨ನೆಯ ಶತಮಾನದ ಶರಣರ ವಚನಗಳನ್ನು ಆಯ್ದು, ಸಂವಾದರೂಪದಲ್ಲಿ ಜೋಡಿಸಿದ ಸಂಕಲನ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ಸಂಯೋಜಿಸಿದನು. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಎಂಬ ಮೂವರು ತಮ್ಮ ತಮ್ಮ ದೃಷ್ಟಿಗೆ ಅನುಗುಣವಾಗಿ ಅದನ್ನು ಪರಿಷ್ಕರಿಸಿದರು. ಹೀಗಾಗಿ ವಚನಗಳು ಶರಣರವು, ಅವುಗಳನ್ನು ಹೆಣೆದ ಕಥನಸೂತ್ರವು ಸಂಕಲನಕಾರರದು. ಇದರಲ್ಲಿ ಬರುವ ಪ್ರಸಂಗಗಳನ್ನು ಕಲ್ಯಾಣದ ದಿನಚರಿಯೆಂದು ಓದಲಾಗದು. ಶರಣರ ವಿಚಾರವು ಮೂರು ಶತಮಾನಗಳ ಕಾಲ ಜನಮನದಲ್ಲಿ ಮಾಗಿ ತಳೆದ ಆಕೃತಿಯೆಂದು ಓದುವುದೇ ಯುಕ್ತ. ಶೂನ್ಯವೆಂದರೂ ಇಲ್ಲಿ ಬರಿದು ಎಂದರ್ಥವಲ್ಲ. ವಚನಕಾರರು ಇದನ್ನೇ ಅಚ್ಚಗನ್ನಡದಲ್ಲಿ ‘ಬಯಲು’ ಎಂದರು. ನಾನು, ನನ್ನದು ಎಂಬ ಬೇಲಿಗಳು ಬಿದ್ದ ಮೇಲೆ ಉಳಿಯುವ ವಿಸ್ತಾರವೇ ಬಯಲು.

ಈ ಗ್ರಂಥದಲ್ಲಿ ಆಯ್ದಕ್ಕಿ ಮಾರಯ್ಯ ಹಾಗೂ ಆತನ ಮಡದಿ ಲಕ್ಕಮ್ಮನಿಗೆ ಮೀಸಲಾದ ಅಧ್ಯಾಯವೊಂದುಂಟು. ಇವರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದವರೆಂಬುದು ಪರಂಪರೆಯ ನಂಬಿಕೆ. ಇಬ್ಬರ ಅಂಕಿತಗಳೂ ಆ ಕ್ಷೇತ್ರದ ದೈವವನ್ನೇ ಸ್ಮರಿಸುತ್ತವೆ. ಊರನ್ನು ಬಿಟ್ಟು ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ಅತಿ ಸಾಮಾನ್ಯವಾದದ್ದು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯ ಕಾಳುಗಳನ್ನು ಮಾರಯ್ಯನು ಆಯ್ದು ತರುವನು. ಲಕ್ಕಮ್ಮನು ಅದನ್ನು ಹಸನುಮಾಡಿ ಅಟ್ಟು ಜಂಗಮದಾಸೋಹವನ್ನು ನಡೆಸುವಳು. ಉಳಿದ ಪ್ರಸಾದವೇ ಇಬ್ಬರ ಊಟ. ಅಂದಿನ ಅಕ್ಕಿ ಅಂದಿಗೇ ತೀರಬೇಕು. ನಾಳೆಯ ದಿನಕ್ಕೆಂದು ಅವರ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಪ್ರಸಂಗವು ಒಂದು ಲೋಪದಿಂದ ಆರಂಭವಾಗುತ್ತದೆ. ಮಾರಯ್ಯನು ಒಮ್ಮೆ ಶರಣರ ಅನುಭಾವಗೋಷ್ಠಿಯಲ್ಲಿ ಕುಳಿತು, ಅಲ್ಲಿಯ ಮಾತಿನ ಸೊಗಸಿನಲ್ಲಿ ಕಾಯಕದ ಹೊತ್ತನ್ನು ಮೀರಿಬಿಡುತ್ತಾನೆ. ಮಡದಿ ಅವನನ್ನು ಎಚ್ಚರಿಸಿ ಕೆಲಸಕ್ಕೆ ಕಳುಹುತ್ತಾಳೆ. ಮೇಲ್ನೋಟಕ್ಕೆ ಇದು ಗೃಹಿಣಿಯೊಬ್ಬಳ ಸಹಜವಾದ ಆತುರವೆಂದು ತೋರಬಹುದು. ಆದರೆ ಇದರ ಹಿಂದೆ ಶರಣಧರ್ಮದ ಮೂಲತತ್ತ್ವವೊಂದಿದೆ. ವಚನಗಳಲ್ಲಿ ‘ಅರಿವು’ ಎಂಬ ಪದಕ್ಕೆ ಮತ್ತೆ ಮತ್ತೆ ಎದುರಾಗಿ ನಿಲ್ಲುವ ಪದ ‘ಮರೆವು’. ಅರಿವೆಂದರೆ ಹೊರಗಿನಿಂದ ತಂದು ತುಂಬಿಕೊಳ್ಳುವ ವಿಷಯಸಂಗ್ರಹವಾಗಿದ್ದರೆ ಅದರ ವಿರುದ್ಧಪದವು ಅಜ್ಞಾನ ಎಂದಿದ್ದರೆ ಸಾಕಾಗುತ್ತಿತ್ತು. ಮರೆವು ಎಂದಾಗ, ಒಳಗೆ ಇರುವುದೇ ಮರೆಯಾಗಿದೆ, ಅದನ್ನು ನೆನೆದು ಎಚ್ಚರಗೊಳ್ಳುವುದೇ ಅರಿವು ಎಂದಾಗುತ್ತದೆ. ಅರಿವಿನ ವಿಷಯವಾಗಿ ಕೇಳುತ್ತ ಕುಳಿತ ಮಾರಯ್ಯನು ಅದೇ ಗಳಿಗೆಯಲ್ಲಿ ಮರೆವಿಗೆ ಸಿಕ್ಕಿದ್ದನು. ಅರಿವಿನ ಮಾತು ಅರಿವಲ್ಲ ಎಂಬುದನ್ನು ಮನಗಂಡವಳು ಮನೆಯಲ್ಲಿ ಒಲೆಯ ಮುಂದೆ ಇದ್ದ ಲಕ್ಕಮ್ಮ.

ಎರಡನೆಯ ಘಟನೆ ಇನ್ನೂ ಸೂಕ್ಷ್ಮವಾದದ್ದು. ತಪ್ಪಿದ ಹೊತ್ತನ್ನು ತುಂಬಿಕೊಡುವವನಂತೆ ಮಾರಯ್ಯನು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಯಾವ ಸಂಸಾರದಲ್ಲಾದರೂ ಸಂತೋಷಕ್ಕೆ ಕಾರಣವಾಗಬೇಕಾಗಿದ್ದ ಈ ಹೆಚ್ಚಳವನ್ನು ಲಕ್ಕಮ್ಮ ಒಪ್ಪುವುದಿಲ್ಲ. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಆಕೆ ಪತಿಗೆ ಹೇಳುತ್ತಾಳೆ. ಆಕೆಯ ವಾದವು ‘ಒಮ್ಮನ’, ‘ಇಮ್ಮನ’ ಎಂಬ ಎರಡು ಪದಗಳ ಮೇಲೆ ನಿಂತಿದೆ. ಒಮ್ಮನವೆಂದರೆ ಒಂದಾದ ಮನಸ್ಸು. ಇಮ್ಮನವೆಂದರೆ ಇಬ್ಬಗೆಯಾದ ಮನಸ್ಸು. ಕಿವಿಗೆ ಈ ಪದಗಳು ಧಾನ್ಯದ ಅಳತೆಯಾದ ‘ಮಾನ’ವನ್ನೂ ನೆನಪಿಗೆ ತರುತ್ತವೆ. ಅಕ್ಕಿಯ ಅಳತೆ ಹೆಚ್ಚಿದಾಗ ಮನಸ್ಸು ಎರಡಾಯಿತು: ಒಂದು ಇಂದಿನ ಕಾಯಕದಲ್ಲಿದೆ, ಮತ್ತೊಂದು ನಾಳೆಯ ಭಯದಲ್ಲಿ ಸಿಲುಕಿದೆ. ಲಕ್ಕಮ್ಮ ತೂಗಿದ್ದು ಗಂಟನ್ನಲ್ಲ, ಗಂಟನ್ನು ಕಟ್ಟಿದ ಕೈಯ ಹಿಂದಿನ ಚಿತ್ತವನ್ನು.

ಇಲ್ಲಿ ಆಸೆಗೂ ಭರವಸೆಗೂ ಇರುವ ಅಂತರವನ್ನು ಗಮನಿಸಬೇಕಾಗಿದೆ. ಸಂಸ್ಕೃತದ ‘ಆಶಾ’ ಶಬ್ದಕ್ಕೆ ಬಯಕೆ, ನಿರೀಕ್ಷೆ ಎಂಬ ಎರಡೂ ಅರ್ಥಗಳುಂಟು. ಕನ್ನಡದ ‘ಆಸೆ’ ಪ್ರಾಯಶಃ ಬಯಕೆಯ ಕಡೆಗೇ ವಾಲಿತು. ದುರಾಸೆ, ಆಸೆಬುರುಕತನ ಮೊದಲಾದ ಬಳಕೆಗಳೇ ಇದಕ್ಕೆ ಸಾಕ್ಷಿ. ‘ನಿರಾಶೆ’ಯ ಗತಿಯಂತೂ ವಿಚಿತ್ರವಾದದ್ದು. ತತ್ತ್ವಗ್ರಂಥಗಳಲ್ಲಿ ಬಯಕೆಯಳಿದ ಪ್ರಶಾಂತಸ್ಥಿತಿಯನ್ನು ಸೂಚಿಸಬಲ್ಲ ಈ ಪದವು ಇಂದಿನ ಮಾತಿನಲ್ಲಿ ಎದೆಗುಂದಿದವನ ಸ್ಥಿತಿಯನ್ನು ಹೇಳುತ್ತದೆ. ಬಯಸಿದ್ದು ಕೈಗೂಡದಿದ್ದರೆ ಬಾಳೇ ಮುಗಿಯಿತೆಂದು ಭಾವಿಸುವವನಿಗೆ ಈ ಎರಡು ಅರ್ಥಗಳೂ ಒಂದಾಗಿ ತೋರುವುದು ಸಹಜ. ಲಕ್ಕಮ್ಮನ ನಿಲುವು ಅವುಗಳನ್ನು ಬೇರ್ಪಡಿಸುತ್ತದೆ. ಆಸೆಗೆ ಸಂಗ್ರಹ ಬೇಕು. ಸಂಗ್ರಹ ಕರಗಿದಂತೆ ಅದೂ ಕುಗ್ಗುತ್ತದೆ. ಭರವಸೆಗೆ ಬೇಕಾದುದು ನಾಳೆಯೂ ಕಾಯಕಕ್ಕೆ ಹೋಗಬಲ್ಲೆನೆಂಬ ನೆಚ್ಚಿಕೆ ಮಾತ್ರ. ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿಯಲು ಹೇಳಿದ ಆಕೆಯಲ್ಲಿ ಆಸೆ ಇರಲಿಲ್ಲ. ಆದರೆ ಆ ಮಾತನ್ನಾಡಲು ಬೇಕಾದ ಭರವಸೆ ಸಾಮಾನ್ಯವಾದದ್ದಲ್ಲ.

ಬಡತನವನ್ನು ಕುರಿತ ಆಕೆಯ ವಿಚಾರವೂ ಇದೇ ದಾರಿಯಲ್ಲಿ ಸಾಗುತ್ತದೆ. ಲಕ್ಕಮ್ಮನ ವಚನಗಳು ಸುಮಾರು ೨೫ರಷ್ಟು ಉಪಲಬ್ಧವಾಗಿವೆ. ಅವುಗಳಲ್ಲಿ ಒಂದರ ತಾತ್ಪರ್ಯವು, ದ್ರವ್ಯದ ಕೊರತೆ ಬಾಧಿಸುವುದು ಮನಸ್ಸು ಶುದ್ಧವಿಲ್ಲದವನನ್ನು, ಶುದ್ಧಚಿತ್ತದಿಂದ ದುಡಿಯುವವನಿಗೆ ಸಂಪತ್ತು ಎಲ್ಲೆಡೆಯೂ ಎದುರಾಗುತ್ತದೆ ಎಂದು. ಹೊಟ್ಟೆ ತುಂಬಿದವರು ಹಸಿದವರಿಗೆ ಈ ಮಾತನ್ನು ಹೇಳಿದ್ದರೆ ಅದು ಕ್ರೂರವಾಗುತ್ತಿತ್ತು. ಹೇಳಿದವಳು ಮಣ್ಣಿನಿಂದ ಆಯ್ದ ಅಕ್ಕಿಯನ್ನು ಅಡುತ್ತಿದ್ದವಳು. ಆ ಅಂಗಳದಲ್ಲಿ ಬಿದ್ದ ಕಾಳು ಇತರರಿಗೆ ಕಸ. ಎಚ್ಚರವುಳ್ಳ ಕಣ್ಣಿಗೆ ಅದೇ ದಾಸೋಹದ ಅನ್ನ. ಇದ್ದುದನ್ನು ಕಾಣಬಲ್ಲ ಶಕ್ತಿಯೇ ಆಕೆ ಹೇಳುವ ಸಿರಿ. ಅವಳ ಮನೆಯ ಅಲ್ಪ ಅಕ್ಕಿಯಿಂದ ಕಲ್ಯಾಣದ ಶರಣಸಮೂಹವೆಲ್ಲ ಉಂಡು ತಣಿಯಿತೆಂದು ಐತಿಹ್ಯವು ಬಣ್ಣಿಸುವುದು ಈ ಸತ್ಯವನ್ನೇ ಪವಾಡದ ಭಾಷೆಯಲ್ಲಿ.

ಇಲ್ಲಿ ಒಂದು ಆಕ್ಷೇಪ ಏಳುವುದು ಸ್ವಾಭಾವಿಕ. ಇದ್ದುದರಲ್ಲಿ ತೃಪ್ತಿಪಡಬೇಕೆಂಬ ಬೋಧೆಯು ಉಳ್ಳವರಿಗೆ ಅನುಕೂಲವಾದ ಉಪದೇಶವಲ್ಲವೆ? ಬಡವನ ಅಸಮಾಧಾನವನ್ನು ಆಧ್ಯಾತ್ಮದ ಹೆಸರಿನಲ್ಲಿ ತಣಿಸಿದ ಉದಾಹರಣೆಗಳು ಚರಿತ್ರೆಯಲ್ಲಿ ವಿರಳವಲ್ಲವಾದುದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರಸಂಗದ ವಿವರಗಳು ಬೇರೊಂದನ್ನು ಹೇಳುತ್ತವೆ. ಇಷ್ಟು ಸಾಕು ಎಂಬ ಎಲ್ಲೆಯನ್ನು ಲಕ್ಕಮ್ಮನ ಮೇಲೆ ಯಾವ ಒಡೆಯನೂ ಹೇರಿಲ್ಲ. ಅದನ್ನು ಗೊತ್ತುಪಡಿಸಿದವಳು ಅವಳೇ. ಹಿಂದಕ್ಕೆ ಹೋದ ಅಕ್ಕಿಯು ಯಾರ ಕಣಜವನ್ನೂ ಸೇರುವುದಿಲ್ಲ. ದಾಸೋಹದ ಅಂಗಳಕ್ಕೆ ಮರಳುತ್ತದೆ, ಅಲ್ಲಿ ಇನ್ನೊಬ್ಬನಿಗೆ ಒದಗಬಲ್ಲುದು. ಅಲ್ಲದೆ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನಂಥವನಿಗೂ ಇದೇ ಅಳತೆಗೋಲು ಅನ್ವಯಿಸುತ್ತಿತ್ತು. ಅರಿವು ಹಸಿವನ್ನು ನೀಗುತ್ತದೆಂದು ಶರಣರು ಎಲ್ಲಿಯೂ ಹೇಳಲಿಲ್ಲ. ಹಸಿವನ್ನು ನೀಗಲು ಕಾಯಕವನ್ನು ವಿಧಿಸಿದರು. ದುಡಿಯುವವನು ದುಡಿಮೆಯಲ್ಲಿಯೇ ಕಳೆದುಹೋಗದಂತೆ ಕಾಯುವುದು ಅರಿವಿನ ಕೆಲಸ.

ಇದೇ ಗ್ರಂಥದ ಮತ್ತೊಂದು ದಂಪತಿಗಳ ವೃತ್ತಾಂತವು ಈ ತತ್ತ್ವದ ಇನ್ನೊಂದು ಮುಖವನ್ನು ತೋರಿಸುತ್ತದೆ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತೊರೆದು ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಸೌದೆಯ ಹೊರೆಯನ್ನು ಮಾರಿ ಬಾಳಿದನೆಂಬುದು ಐತಿಹ್ಯ. ಅಷ್ಟನ್ನು ಬಿಟ್ಟುಬಂದವನಲ್ಲಿ ಆಸೆ ಪೂರ್ಣವಾಗಿ ಅಳಿದಿರಬೇಕೆಂದು ಯಾರಾದರೂ ಭಾವಿಸಬಹುದು. ಆದರೆ ಕೊನೆಗೆ ಆತನಲ್ಲಿ ಲಿಂಗೈಕ್ಯದ ಬಯಕೆ ತಲೆಯೆತ್ತುತ್ತದೆ. ಕೂಡಬೇಕೆಂದು ಹಂಬಲಿಸುವುದರಲ್ಲಿಯೇ ತಾನು ಬೇರೆ, ಅದು ಬೇರೆ ಎಂಬ ಭೇದವು ಉಳಿದಿದೆಯೆಂದು ಮಹಾದೇವಿ ಅವನಿಗೆ ತಿಳಿಹೇಳುತ್ತಾಳೆ. ಒಬ್ಬ ಮಾರಯ್ಯನಿಗೆ ಹಿಡಿ ಅಕ್ಕಿಯ ಹೆಚ್ಚಳ ತೊಡಕಾಯಿತು. ಇನ್ನೊಬ್ಬನಿಗೆ ಮೋಕ್ಷದ ಬಯಕೆಯೇ ತೊಡಕಾಯಿತು. ಎರಡೂ ಕಡೆಗಳಲ್ಲಿ ಎಚ್ಚರಿಸಿದವರು ಮಡದಿಯರೆಂಬುದು ಗಮನಾರ್ಹ. ಲಕ್ಕಮ್ಮನ ಅಂಕಿತದಲ್ಲಿ ಪತಿಯ ಹೆಸರು ಸೇರಿದೆ. ಪ್ರಸಂಗದಲ್ಲಿಯಾದರೋ ಗುರುವಿನ ಸ್ಥಾನ ಆಕೆಯದು. ಸಿರಿಯೂ ಬಡತನವೂ, ಗಂಡು ಹೆಣ್ಣೆಂಬ ಭೇದವೂ ಅರಿವಿನ ಮುಂದೆ ನಿಲ್ಲುವುದಿಲ್ಲವೆಂಬುದನ್ನು ಸಂಕಲನಕಾರರು ಉಪದೇಶಿಸದೆ ತೋರಿಸಿದ್ದಾರೆ.

ಈ ಅರಿವು ಆಶ್ರಯತಪ್ಪಿದ ಕಾಲದಲ್ಲಿಯೂ ಬಾಳಿತೆ ಎಂಬುದೇ ನಿಜವಾದ ಪರೀಕ್ಷೆ. ೧೨ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ದಿಕ್ಕುಪಾಲಾದರು. ಮಹಾಮನೆ ಉಳಿಯಲಿಲ್ಲ, ಅಕ್ಕಿ ಆಯುವ ಅಂಗಳವೂ ಉಳಿಯಲಿಲ್ಲ. ಆದರೂ ಓಲೆಗಟ್ಟುಗಳಲ್ಲಿಯೂ ಜನರ ನಾಲಗೆಯ ಮೇಲೂ ವಚನಗಳು ಬದುಕಿದವು, ಮತ್ತು ವಿಜಯನಗರದ ಕಾಲದಲ್ಲಿ ಶೂನ್ಯಸಂಪಾದನೆಯ ರೂಪದಲ್ಲಿ ಪುನಃ ಒಂದುಗೂಡಿದವು. ಅನಂತರ ಮಠಮನೆಗಳ ಕಟ್ಟುಗಳಲ್ಲಿ ಅಡಗಿಹೋದ ಆ ಸಾಹಿತ್ಯವನ್ನು ಮತ್ತೊಮ್ಮೆ ಆಯ್ದು ತಂದವರು ಫ. ಗು. ಹಳಕಟ್ಟಿಯವರು (೧೮೮೦–೧೯೬೪). ಮುಂಬಯಿಯಲ್ಲಿ ಓದಿ ವಿಜಾಪುರದಲ್ಲಿ ವಕೀಲಿಯನ್ನು ನಡೆಸಿದ ಅವರು ಊರೂರಿನ ಓಲೆಪ್ರತಿಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯ ಗಳಿಕೆಯನ್ನು ಈ ಕಾರ್ಯಕ್ಕೆ ಸುರಿದ ಅವರ ಮನೆಯಲ್ಲಿ ಹಣ ನಿಲ್ಲಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರ ವರೆಗೆ ಶೂನ್ಯಸಂಪಾದನೆಯನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದು ಅನ್ಯಭಾಷಿಕರಿಗೂ ತಲಪಿಸಿತು.

ಪರಸ್ಥಳದಲ್ಲಿ ಬಾಳುವ ಕನ್ನಡಿಗನ ಸ್ಥಿತಿಗೂ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರ ಸ್ಥಿತಿಗೂ ಒಂದು ಸಾಮ್ಯ ಉಂಟು. ಇಬ್ಬರಿಗೂ ತಲೆಯ ಮೇಲಿನ ಸೂರು ತಮ್ಮ ಊರಿನದಲ್ಲ; ಇಬ್ಬರೂ ದೊಡ್ಡ ಪಟ್ಟಣದ ಅಂಗಳದಲ್ಲಿ ತಮ್ಮ ಪಾಲಿನ ಕಾಳನ್ನು ಆಯುವವರು. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯ ದೀಪದಲ್ಲಿ ಕನ್ನಡ ಓದಿದ ಹುಡುಗರಿಗೆ ಕಾಯಕ, ಅರಿವು ಎರಡೂ ಒಂದೇ ದಿನದ ಎರಡು ಭಾಗಗಳಾಗಿದ್ದವು. ಅಂಥವರ ಬಾಳಿಗೆ ಲಕ್ಕಮ್ಮನ ಮಾತು ವೈರಾಗ್ಯದ ಉಪದೇಶವಾಗಿ ಕೇಳಿಸಬೇಕಾಗಿಲ್ಲ. ಎಷ್ಟು ತಂದೆ ಎಂಬ ಲೆಕ್ಕದ ಜೊತೆಗೆ ಯಾವ ಮನಸ್ಸಿನಿಂದ ತಂದೆ ಎಂಬ ಲೆಕ್ಕವನ್ನೂ ಆಕೆ ಕೇಳುತ್ತಾಳೆ. ಮೊದಲನೆಯ ಲೆಕ್ಕವನ್ನು ಲೋಕ ನೋಡಿಕೊಳ್ಳುತ್ತದೆ. ಎರಡನೆಯದನ್ನು ಸಂಜೆಯ ಹೊತ್ತು ಒಲೆಯ ಬೆಳಕಿನಲ್ಲಿ ಗಂಟು ಬಿಚ್ಚಿ ತಾನೇ ನೋಡಿಕೊಳ್ಳಬೇಕಾಗುತ್ತದೆ.