ಓದೋಕೆ ಕಷ್ಟಪಡುವ ಮಗು: ಮನೆಯಲ್ಲಿ ಕನ್ನಡ ನಿಲ್ಲಿಸಬೇಕಾ?

ಪುಣೆ, ಹೈದರಾಬಾದ್ ಕಡೆ ಇರುವ ನಮ್ಮ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು. ಮಗು ಎರಡನೇ ಕ್ಲಾಸು. ಮಾತು ಚುರುಕು, ಕೇಳಿದ ಕಥೆ ಪೂರ್ತಿ ನೆನಪಿಟ್ಟುಕೊಳ್ಳುತ್ತೆ. ಪುಸ್ತಕ ತೆರೆದರೆ ಮಾತ್ರ ಅಳು. ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಹೇಳ್ತಾರೆ: "ಭಾಷೆ ಜಾಸ್ತಿಯಾಗಿ ಗೊಂದಲ ಆಗಿದೆ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ." ಕನ್ನಡ ನಿಲ್ಲಿಸಬೇಕಾ? ಬೇಡ. ಯಾಕೆ ಅಂತ ನೋಡೋಣ.

ಡಿಸ್ಲೆಕ್ಸಿಯಾ ಭಾಷೆ ಜಾಸ್ತಿ ಆಗಿದ್ದಕ್ಕೆ ಬರೋದಲ್ಲ. ಬುದ್ಧಿ ಕಡಿಮೆ ಅಂತಲೂ ಅಲ್ಲ. ಮಾತನ್ನು ಸಣ್ಣ ಸಣ್ಣ ಸದ್ದುಗಳಾಗಿ ಬಿಡಿಸಿ, ಆ ಸದ್ದನ್ನು ಅಕ್ಷರಕ್ಕೆ ಜೋಡಿಸುವ ಜಾಗದಲ್ಲಿ ಹೆಚ್ಚಿನ ಮಕ್ಕಳಿಗೆ ತೊಡಕು ಇರುತ್ತೆ. ಮನೆತನದಲ್ಲೂ ಹರಿದು ಬರುತ್ತೆ. ಹಾಗಾಗಿ ಅಪ್ಪನಿಗೋ ಚಿಕ್ಕಪ್ಪನಿಗೋ ಓದೋದು ಕಷ್ಟ ಇತ್ತಾ ಅಂತ ಒಮ್ಮೆ ಊರಿಗೆ ಫೋನ್ ಮಾಡಿ ಕೇಳಿ.

ಈ ತೊಡಕು ಲಿಪಿಯಿಂದ ಲಿಪಿಗೆ ಬೇರೆ ವೇಷದಲ್ಲಿ ಕಾಣುತ್ತೆ. ಇಂಗ್ಲಿಷಿನಲ್ಲಿ 'ಕ್ಯಾಟ್', 'ಸಿಟಿ' ಎರಡೂ ಒಂದೇ 'ಸಿ'ಯಿಂದ ಶುರು, ಸದ್ದು ಬೇರೆ. ಅಲ್ಲಿ ಮಗು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತೆ, ತಪ್ಪಾಗುತ್ತೆ. ಕನ್ನಡ, ಮರಾಠಿಯಲ್ಲಿ ಊಹೆ ಕಡಿಮೆ, ಆದರೆ ಓದು ಎಳೆಯುತ್ತೆ. ಒತ್ತಕ್ಷರ ಬಂದಾಗ ನಿಂತೇ ಬಿಡುತ್ತೆ.

ಕನ್ನಡ ಬರೆದ ಹಾಗೇ ಓದೋದು, ಸುಲಭ ಅಂತೀವಿ. 'ರಸ್ತೆ' ಅಂತ ಬರೆದು ನೋಡಿ. ಎತ್ವ ಕೂತಿರೋದು 'ಸ' ಮೇಲೆ, 'ತ' ಕೆಳಗೆ ಒತ್ತಾಗಿದೆ. ಬಾಯಲ್ಲಿ ಮಾತ್ರ ಆ 'ಎ' ಬರೋದು 'ತ' ಆದಮೇಲೆ! 'ಸೂರ್ಯ'ದಲ್ಲಿ ಅರ್ಕಾವತ್ತು ಹಿಂದೆ ಕಾಣುತ್ತೆ, ಉಚ್ಚಾರದಲ್ಲಿ ಮುಂದೆ ಬರುತ್ತೆ. ಯೂನಿಕೋಡ್ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಫೈಲಿನಲ್ಲಿ ಉಚ್ಚಾರದ ಕ್ರಮವೇ ಇರುತ್ತೆ, ಪರದೆ ಮೇಲೆ ಕ್ರಮ ಬದಲಿಸೋದು ರೆಂಡರಿಂಗ್ ಎಂಜಿನ್. ಓದುವ ಮಗು ಅದನ್ನು ಉಲ್ಟಾ ಮಾಡಬೇಕು, ಅದೂ ಏಳನೇ ವಯಸ್ಸಿಗೆ. ಕನ್ನಡದ ಮಕ್ಕಳು ಅಕ್ಷರಗಳನ್ನು ಪೂರ್ತಿ ಹಿಡಿಯೋಕೆ ನಾಲ್ಕನೇ ತರಗತಿವರೆಗೂ ಹೋಗುತ್ತೆ, 'ಕಾ'ದೊಳಗೆ 'ಕ್' ಮತ್ತು 'ಆ' ಇದೆ ಅನ್ನುವ ಅರಿವು ನಿಧಾನಕ್ಕೆ ಬರುತ್ತೆ ಅಂತ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ.

ಇಂಗ್ಲಿಷ್ ಓದೋಕೆ ಬೇಕಿರೋದೂ ಇದೇ ಅರಿವು. ಇದನ್ನು ಬೆಳೆಸೋಕೆ ಮಗುವಿಗೆ ಚೆನ್ನಾಗಿ ಬರುವ ಭಾಷೆಗಿಂತ ಒಳ್ಳೆ ಸಾಧನ ಇಲ್ಲ. ಪುಸ್ತಕವೂ ಬೇಡ, ಸ್ಕೂಲ್ ಬಸ್ ಕಾಯುವಾಗ ಆಡಬಹುದು. 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯುತ್ತೆ? (ನಗ್ತಾರೆ, ನಗಲಿ.) 'ಕಾಲು'ವಿನ 'ಆ' ತೆಗೆದು 'ಓ' ಹಾಕು: 'ಕೋಲು'. 'ಹಾಲು'ವಿನ 'ಹ್' ಬದಲು 'ಸ್': 'ಸಾಲು'. ಆಮೇಲೆ ಇದೇ ಆಟ ಇಂಗ್ಲಿಷ್ ಪದಗಳಲ್ಲಿ.

ಹಾಗಂತ ಕನ್ನಡ ಲಿಪಿಯನ್ನೂ ಈಗಲೇ ತುರುಕಿ ಅಂತ ನಾನು ಹೇಳ್ತಿಲ್ಲ. ಶಾಲೆಯಲ್ಲಿ ಈಗಾಗಲೇ ಎರಡು ಲಿಪಿ ಇವೆ. ಕನ್ನಡ ಸದ್ಯಕ್ಕೆ ಕಿವಿ ಮತ್ತು ಬಾಯಲ್ಲಿರಲಿ, ದಿನಾ ರಾತ್ರಿ ನೀವೇ ಕಥೆ ಓದಿ ಹೇಳಿ. ಹೈದರಾಬಾದಿನಲ್ಲಿ ಮಗು ತೆಲುಗು ಕಲಿತರೆ ಕನ್ನಡದ ಅಕ್ಷರ ಆಮೇಲೆ ಸಲೀಸು.

ಪಾಠದ ವಿಷಯಕ್ಕೆ ಬಂದರೆ, ಒಂದೇ ಪದ ಇಪ್ಪತ್ತು ಸಲ ಬರೆಸೋದು ದಂಡ. ದಿನಕ್ಕೆ 15 ನಿಮಿಷ, ಒಂದೆರಡೇ ಹೊಸ ಅಕ್ಷರ-ಸದ್ದು, ನಿನ್ನೆಯದರ ಪುನರಾವರ್ತನೆ, ಅಷ್ಟೇ ಅಕ್ಷರಗಳಿರುವ ಪುಟ್ಟ ಪದಗಳ ಓದು. ಅಣ್ಣನ ಜೊತೆ ಹೋಲಿಕೆ ಬೇಡವೇ ಬೇಡ.

"ದೊಡ್ಡವನಾದ್ಮೇಲೆ ಸರಿಹೋಗುತ್ತೆ ಬಿಡಪ್ಪಾ" ಅಂತ ಅಜ್ಜಿ ಅಂದರೆ ಪ್ರೀತಿಯಿಂದ ತಲೆಯಾಡಿಸಿ, ಆದರೆ ಕಾಯಬೇಡಿ. ಬಿ-ಡಿ ತಿರುಗಿಸಿ ಬರೆಯೋದು ಏಳು ವರ್ಷದ ತನಕ ಎಷ್ಟೋ ಮಕ್ಕಳಲ್ಲಿ ಇರುತ್ತೆ, ಅದೊಂದಕ್ಕೇ ಗಾಬರಿ ಬೇಡ. ಆರು ತಿಂಗಳು ಸರಿಯಾಗಿ ಕಲಿಸಿದರೂ ಅಕ್ಷರ-ಸದ್ದು ಕೂಡದಿದ್ದರೆ, ಮೊದಲ ಸಾಲಿನಲ್ಲಿ ಓದಿದ ಪದ ಮೂರನೇ ಸಾಲಿನಲ್ಲಿ ಹೊಸದಾಗಿ ಕಂಡರೆ, ಮೊದಲು ಕಣ್ಣು-ಕಿವಿ ಪರೀಕ್ಷೆ, ಆಮೇಲೆ ಮನಶ್ಶಾಸ್ತ್ರಜ್ಞರ ಬಳಿ ಅಸೆಸ್‌ಮೆಂಟ್. ಮನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಪರೀಕ್ಷೆ ಕನ್ನಡ, ಹಿಂದಿ, ಮರಾಠಿಯಲ್ಲೂ ಇದೆ. ಮಗುವಿನ ಭಾಷೆಗಳಲ್ಲೂ ನೋಡ್ತೀರಾ ಅಂತ ಕೇಳಿ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಅಭ್ಯಾಸ ಸಾಲದೋ, ಡಿಸ್ಲೆಕ್ಸಿಯಾನೋ ಗೊತ್ತಾಗೋದು ಕಷ್ಟ. ಮುಂಬೈ, ಚೆನ್ನೈನವರಿಗೆ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್, ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಇವೆ.

ಸರ್ಕಾರಿ ಸರ್ಟಿಫಿಕೇಟ್ ಸಿಗೋದು ಸಾಮಾನ್ಯವಾಗಿ 8 ವರ್ಷದ ಹೊತ್ತಿಗೆ. ಸಹಾಯಕ್ಕೆ ಅದು ಬೇಕಿಲ್ಲ, ಇವತ್ತೇ ಶುರು ಮಾಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಸಿಬಿಎಸ್ಇ ಬೋರ್ಡ್ ಪರೀಕ್ಷೆಯಲ್ಲಿ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ ಹೆಚ್ಚು ಸಿಗುತ್ತೆ, ಬರೆದುಕೊಡುವವರನ್ನೂ ಕೇಳಬಹುದು. ಅರ್ಜಿಯನ್ನು ಶಾಲೆಯ ಮೂಲಕ ಮೊದಲೇ ಹಾಕಿ, ಪರೀಕ್ಷೆ ಹತ್ತಿರ ಬಂದಾಗ ಓಡಾಡಬೇಡಿ.