ರೋಮಿನ ಮಾತನಾಡುವ ಕಲ್ಲು

ರೋಮ್ ನಗರದ ನವೋನಾ ಚೌಕಕ್ಕೆ ಸಮೀಪದಲ್ಲಿ, ಅರಮನೆಯೊಂದರ ಮೂಲೆಗೆ ಒರಗಿದಂತೆ, ಒಂದು ಭಗ್ನ ಶಿಲಾಪ್ರತಿಮೆಯುಂಟು. ಅದಕ್ಕೆ ಕೈಗಳಿಲ್ಲ, ಕಾಲುಗಳು ಮುರಿದಿವೆ, ಮುಖವು ಸವೆದು ಗುರುತು ಹತ್ತದಂತಾಗಿದೆ. ಊರು ನೋಡಬಂದವರು ಇದನ್ನು ಲಕ್ಷಿಸದೆ ಮುಂದೆ ನಡೆದರೆ ಸೋಜಿಗವಿಲ್ಲ. ಆದರೂ ಪಸ್ಕ್ವಿನೋ ಎಂಬ ಈ ಮೂಕ ಶಿಲೆಯು ಒಂದು ಕಾಲದಲ್ಲಿ ಪೋಪರ ನಿದ್ರೆಯನ್ನೇ ಕೆಡಿಸಿತ್ತು.

1501ರಲ್ಲಿ ಕಾರ್ಡಿನಲ್ ಒಲಿವಿಯೆರೋ ಕರಾಫಾ ಎಂಬ ಧರ್ಮಾಧಿಕಾರಿಯು ಇದನ್ನು ಅಲ್ಲಿ ನಿಲ್ಲಿಸಿದನು. ಟ್ರಾಯ್ ಯುದ್ಧದಲ್ಲಿ ಮಡಿದ ಪೆಟ್ರೋಕ್ಲಸನ ದೇಹವನ್ನು ಹಿಡಿದೆತ್ತಿದ ಮೆನೆಲಾಸ್ ರಾಜನ ವಿಗ್ರಹದ ತುಂಡಿದೆಂದು ವಿದ್ವಾಂಸರ ಮತ. ಜನರಿಗೆ ಈ ಪಾಂಡಿತ್ಯವು ಬೇಕಾಗಲಿಲ್ಲ. ನೆರೆಯಲ್ಲಿ ಪಸ್ಕ್ವಿನೋ ಎಂಬ ಹರಿತವಾದ ನಾಲಗೆಯ ದರ್ಜಿಯೊಬ್ಬನಿದ್ದನೆಂದೂ ಅವನ ಹೆಸರೇ ಕಲ್ಲಿಗೆ ಬಂದಿತೆಂದೂ ಐತಿಹ್ಯ. ದರ್ಜಿಯಲ್ಲ, ಕ್ಷೌರಿಕನೆಂದು ಕೆಲವರು. ಉಪಾಧ್ಯಾಯನೆಂದು ಮತ್ತೆ ಕೆಲವರು.

ಮೊದಮೊದಲು ಏಪ್ರಿಲ್ 25ರ ಸಂತ ಮಾರ್ಕನ ಹಬ್ಬದಂದು ಪ್ರತಿಮೆಗೆ ವೇಷ ತೊಡಿಸಿ, ಅದರ ಮೇಲೆ ಲ್ಯಾಟಿನ್ ಪದ್ಯಗಳನ್ನು ಅಂಟಿಸುತ್ತಿದ್ದರು. ಬರಬರುತ್ತ ಪದ್ಯಗಳಿಗೆ ಮುಳ್ಳು ಮೂಡಿತು. ಪೋಪರು ಧರ್ಮಗುರುಗಳು ಮಾತ್ರವಲ್ಲದೆ ರೋಮಿನ ಅರಸರೂ ಆಗಿದ್ದ ಕಾಲವದು. ಎದುರು ನಿಂತು ದೂರುವ ಧೈರ್ಯ ಯಾರಿಗಿದ್ದೀತು? ಕತ್ತಲಲ್ಲಿ ಅಂಟಿಸಿದ ಹೆಸರಿಲ್ಲದ ಚೀಟಿಯು ಬೆಳಗಾದೊಡನೆ ಊರವರ ಬಾಯಲ್ಲಿರುತ್ತಿತ್ತು. ಮಾರ್ಫೋರಿಯೋ ಎಂಬ ಇನ್ನೊಂದು ಪ್ರತಿಮೆಯು ಪ್ರಶ್ನೆ ಕೇಳಿದಂತೆಯೂ ಪಸ್ಕ್ವಿನೋ ಉತ್ತರವಿತ್ತಂತೆಯೂ ಬರೆಯುವ ರೂಢಿಯಾಯಿತು.

1522ರಲ್ಲಿ ಪಟ್ಟಕ್ಕೆ ಬಂದ ಆರನೆಯ ಏಡ್ರಿಯನ್ ಪೋಪನು ಈ ಕಲ್ಲನ್ನು ಟೈಬರ್ ನದಿಗೆ ಎಸೆಯಿಸಲು ಹೊರಟನಂತೆ. ನೀರಿಗೆ ಬಿದ್ದರೆ ಅದು ಕಪ್ಪೆಯಂತೆ ಇನ್ನೂ ಗಟ್ಟಿಯಾಗಿ ಕೂಗೀತೆಂದು ಆಪ್ತನೊಬ್ಬನು ತಡೆದನೆಂದು ಹೇಳಿಕೆ.

ಐದನೆಯ ಸಿಕ್ಸ್ಟಸ್ ಪೋಪನ ಕಾಲದ (1585–1590) ಕಥೆಯು ಇಷ್ಟು ಹಗುರವಲ್ಲ. ಬಡತನದಲ್ಲಿ ಹುಟ್ಟಿ ಮೇಲೇರಿದವನಾತ. ಅವನ ಸೋದರಿ ಹಿಂದೆ ಬಟ್ಟೆ ಒಗೆದು ಬಾಳಿದವಳೆಂದು ಜನ ಆಡಿಕೊಳ್ಳುತ್ತಿದ್ದರು. ಒಂದು ಮುಂಜಾನೆ ಪಸ್ಕ್ವಿನೋ ಮಾಸಿದ ಅಂಗಿ ತೊಟ್ಟು ನಿಂತಿದ್ದನು. ಮಾರ್ಫೋರಿಯೋ ಕಾರಣ ಕೇಳಲು, ತನ್ನ ಮಡಿವಾಳಗಿತ್ತಿ ಈಗ ರಾಜಕುಮಾರಿಯಾಗಿಬಿಟ್ಟಳಲ್ಲಾ ಎಂದು ಅವನ ಮರುನುಡಿ! ಬರೆದವನು ತಾನಾಗಿ ಬಂದು ಒಪ್ಪಿಕೊಂಡರೆ ಹಣವೂ ಪ್ರಾಣದಾನವೂ ಉಂಟೆಂದು ಪೋಪನು ಸಾರಿಸಿದನು. ಆಸೆಗೆ ಬಿದ್ದ ಬಡಪಾಯಿ ಬಂದನು. ಹಣವೂ ದೊರೆಯಿತು, ಪ್ರಾಣವೂ ಉಳಿಯಿತು. ಆದರೆ ಮುಂದೆ ಬರೆಯದಂತೆ ಕೈಗಳನ್ನು ಕತ್ತರಿಸಿ, ಆಡದಂತೆ ನಾಲಗೆಯನ್ನು ಚುಚ್ಚಿದರಂತೆ. ಇದು ನಡೆದುದೋ ಕಟ್ಟಿದ ಕಥೆಯೋ, ಆ ಪೋಪನ ಹೆಸರು ಜನರಲ್ಲಿ ಎಂತಹ ನಡುಕವನ್ನು ಹುಟ್ಟಿಸಿತ್ತೆಂಬುದಂತೂ ಇದರಿಂದ ತಿಳಿಯುತ್ತದೆ.

ಆದರೂ ಪಸ್ಕ್ವಿನೋ ಸುಮ್ಮನಾಗಲಿಲ್ಲ. ಬಾರ್ಬೆರಿನಿ ಮನೆತನದ ಎಂಟನೆಯ ಅರ್ಬನ್ ಪೋಪನು (1623–1644) ಪುರಾತನ ಪ್ಯಾಂಥಿಯನ್ ದೇಗುಲದ ಮುಖಮಂಟಪದ ಕಂಚನ್ನು ತೆಗೆಯಿಸಿ ಫಿರಂಗಿ ಎರಕ ಹೊಯ್ಯಿಸಿದಾಗ, ಬರ್ಬರರು ಮಾಡದೆ ಬಿಟ್ಟುದನ್ನು ಬಾರ್ಬೆರಿನಿಗಳು ಮಾಡಿದರೆಂಬ ಅರ್ಥದ ಚಾಟೂಕ್ತಿ ಹೊರಟಿತು. ಈ ಶ್ಲೇಷೆಯು ನಮ್ಮ ನುಡಿಯಲ್ಲಿಯೂ ಕೆಡದೆ ನಿಲ್ಲುವುದು ಒಂದು ವಿನೋದ!

ಪೋಪರ ರಾಜ್ಯಾಡಳಿತವು 1870ರಲ್ಲಿ ಕೊನೆಗೊಂಡಿತು. ಚೀಟಿಗಳು ಮಾತ್ರ ನಿಂತಿಲ್ಲ. ಈಚೆಗೆ ಪ್ರತಿಮೆಯನ್ನು ಶುದ್ಧಗೊಳಿಸಿದ ಮೇಲೆ, ಕಲ್ಲಿಗೆ ಅಂಟು ತಾಗದಿರಲೆಂದು ಪಕ್ಕದಲ್ಲಿ ಹಲಗೆಯೊಂದನ್ನು ಇಟ್ಟಿದ್ದಾರೆ. ರೋಮಿನವರು ಇಂದಿನ ಮಂತ್ರಿಗಳ ಮೇಲಣ ಪದ್ಯಗಳನ್ನು ಅದಕ್ಕೆ ಅಂಟಿಸುತ್ತಾರೆ.